ಶಕೀಲಾ ಕೊಡದ ಫ್ಲಾಪಿ

“ಹೋಯ್ತು!” ಎಂದು ಕೋದಂಡರಾಮಪ್ಪ ಎರಡೂ ಕೈಗಳನ್ನು ತಲೆಯ ಮೇಲೆ ಇಟ್ಟುಕೊಂಡ.

“ಏನ್ ಮಾವ, ಕರೆಂಟಾ?” ಎಂದು ಮುತ್ಯಾಲಿ ಕೇಳಿದಳು.

“ಕರೆಂಟ್ ಹೋದ್ರೆ ಸಾಯಂಕಾಲ ಬರತ್ತೆ ಕಣೇ. ಬೆಳಿಗ್ಗೆಯಿಂದ ಟೈಪ್ ಮಾಡಿದ್ದೆಲ್ಲ ಹೋಯ್ತಲ್ಲ, ಅದು ಬರತ್ತಾ?”

ಕಂಪ್ಯೂಟರಿನ ಪರದೆ ಒರೆಸಿಟ್ಟ ಸ್ಲೇಟಿನಂತೆ ಕಪ್ಪಗೆ ಕೂತಿತ್ತು. ಅದರ ಗಾಜಿನಲ್ಲಿ ಮುತ್ಯಾಲಿಯ ಮುಖ, ಅವಳ ಗೆಳತಿ ಶಕೀಲಾಳ ಮುಖ, ಇಬ್ಬರ ಹಿಂದೆ ತಲೆ ಹಿಡಿದುಕೊಂಡ ಮಾವ, ಮೂವರೂ ಮಸುಕಾಗಿ ಕಾಣುತ್ತಿದ್ದರು.

“ಸೇವ್ ಮಾಡಿದ್ರಾ ಮಾವ?” ಎಂದಳು ಶಕೀಲಾ. ಮುತ್ಯಾಲಿಯ ಮಾವ ಅವಳಿಗೂ ಮಾವನೇ.

“ಇನ್ನೇನು ಮಾಡ್ಬೇಕು ಅಂತ ಕೈ ಎತ್ತಿದ್ದೆ ಕಣಮ್ಮಾ.”

ಗೋಡೆಯ ಆಚೆ ಹನ್ನೊಂದು ಟೈಪ್‌ರೈಟರುಗಳು ಏನೂ ಆಗದವರಂತೆ ಟಕಟಕ ಎನ್ನುತ್ತಲೇ ಇದ್ದವು. ಅವಕ್ಕೆ ಕರೆಂಟಿನ ಗೊಡವೆಯಿಲ್ಲ.

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕೋದಂಡರಾಮಪ್ಪನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಮಾಲೂರಿನ ಒಂದು ಫ್ಯಾಕ್ಟರಿಯವರು ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಅವನಿಗೆ ಕೊಟ್ಟಿದ್ದರು. ಅವನು ಅದನ್ನು ಹಾಸಿಗೆಯಲ್ಲಿ ಸುತ್ತಿ, ಬಸ್ಸಿನ ಸೀಟಿನ ಮೇಲೆ ಕೂರಿಸಿ, ತಾನು ನಿಂತುಕೊಂಡು ಬಂದಿದ್ದ. ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದು ಕೊಟ್ಟಿದ್ದ.

ಮುತ್ಯಾಲಿಯ ಊರು ಹೋಳೂರು. ಹೋದ ವರ್ಷ ಆರನೇ ಕ್ಲಾಸು ಓದಲೆಂದು ಬಂದವಳು ಅಜ್ಜಿ ಆದಿಲಕ್ಷ್ಮಮ್ಮನ ಜೊತೆ, ಈ ಮಾವನ ಜೊತೆ ಇದ್ದಳು. ಇನ್‌ಸ್ಟಿಟ್ಯೂಟಿನ ಹಿಂದೆಯೇ ಮನೆ. ಎದುರು ಮನೆ ಶಕೀಲಾಳದು.

ದಸರಾ ರಜೆ ಮುಗಿದ ಮೊದಲ ದಿನ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಹೋದ ವರ್ಷ ಈ ಇಬ್ಬರೂ ಸೇರಿ ಮಣ್ಣಿನ ಜ್ವಾಲಾಮುಖಿ ಮಾಡಿದ್ದರು. ಅದು ಮೇಲಕ್ಕೆ ಉಗುಳುವ ಬದಲು ಪಕ್ಕಕ್ಕೆ ಉಗುಳಿ, ಮೇಷ್ಟ್ರ ಬಿಳಿ ಪಂಚೆ ಕೆಂಪಾಗಿತ್ತು. ಇಡೀ ಶಾಲೆ ಇವರನ್ನು ‘ಜ್ವಾಲಾ’, ‘ಮುಖಿ’ ಎಂದು ಕರೆಯತೊಡಗಿತ್ತು. ಈ ವರ್ಷ ಹೇಗಾದರೂ ಮಾಡಿ ಆ ಹೆಸರು ಅಳಿಸಬೇಕಿತ್ತು.

ಅದಕ್ಕೇ ಈ ಮಾವಿನ ಪ್ರೋಗ್ರಾಂ. ನೀವು ಒಂದು ಮಾವಿನ ಹಣ್ಣನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಂಪ್ಯೂಟರ್ ಕೇಳುತ್ತಾ ಹೋಗುತ್ತದೆ. ನಾರಿದೆಯಾ? ಮೂತಿ ಗಿಣಿ ಕೊಕ್ಕಿನ ಹಾಗಿದೆಯಾ? ಹಣ್ಣಾದ ಮೇಲೂ ಸಿಪ್ಪೆ ಹಸಿರಾಗೇ ಇರುತ್ತಾ? ಹೌದಾದರೆ ವೈ ಒತ್ತಬೇಕು, ಇಲ್ಲವಾದರೆ ಎನ್. ಕೊನೆಗೆ ಕಂಪ್ಯೂಟರ್ ಬಾದಾಮಿ, ಬೇನಿಷಾ, ನೀಲಂ ಎಂದು ಹಣ್ಣಿನ ಹೆಸರು ಹೇಳಿಬಿಡುತ್ತದೆ.

ಹದಿನಾಲ್ಕು ಜಾತಿಯ ಹಣ್ಣಿನ ಗುಣಗಳನ್ನು ಹೇಳಿಕೊಟ್ಟವರು ಶಕೀಲಾಳ ತಾತ ನಬೀ ಸಾಬರು. ಅವರು ಕಣ್ಣು ಮುಚ್ಚಿಕೊಂಡು ವಾಸನೆಯಿಂದಲೇ ಹಣ್ಣಿನ ಹೆಸರು ಹೇಳುವವರು. ಬೇಸಿಗೆಯೆಲ್ಲ ಅವರ ಮಾತನ್ನು ಶಕೀಲಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಅದನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಹೇಳುವುದು ಮುತ್ಯಾಲಿಯ ಕೆಲಸ, ಮಾವನ ಕೆಲಸ. ಆ ಕೆಲಸದ ಅರ್ಧವನ್ನು ಈಗ ಕರೆಂಟ್ ತಿಂದುಹಾಕಿತ್ತು.

“ಇನ್ಮೇಲೆ ಹತ್ತು ಲೈನಿಗೆ ಒಂದ್ಸಲ ಸೇವ್ ಮಾಡ್ತೀನಿ” ಎಂದ ಮಾವ. “ಮತ್ತೆ ಒಂದೇ ಕಾಪಿ ಸಾಲದು. ಕಾರ್ಬನ್ ಕಾಪಿ ಇಟ್ಕೊಳ್ದೆ ನಾನು ಒಂದು ಕಾಗದಾನೂ ಕಳ್ಸಿಲ್ಲ. ಈ ಫ್ಲಾಪಿಗೂ ಕಾಪಿ ಬೇಕು.”

ಟೈಪಿಂಗ್ ಕಲಿಯಲು ಬರುತ್ತಿದ್ದ ಚನ್ನರಾಯಪ್ಪ ಬಾಗಿಲಲ್ಲಿ ಇಣುಕಿದ. “ಎರಡು ಫ್ಲಾಪಿ ಮಧ್ಯೆ ಕಾರ್ಬನ್ ಇಟ್ರೆ ಆಗಲ್ವಾ ಸಾರ್?”

“ನೀನು ಹೋಗಿ ಎ ಎಸ್ ಡಿ ಎಫ್ ಕುಟ್ಟಪ್ಪ.”

ಅಂದು ಸಂಜೆ ಊಟಕ್ಕೆ ಕೂತಾಗ ಫ್ಲಾಪಿಯನ್ನು ಎಲ್ಲಿಡಬೇಕು ಎಂಬ ಮಾತು ಬಂತು. ಮಾವ ಒಂದನ್ನು ಕಾಗದದ ಲಕೋಟೆಯಿಂದ ತೆಗೆದು ತೋರಿಸಿದ. ಕಪ್ಪು ಚೌಕ, ನಡುವೆ ಒಂದು ತೂತು, ಕೆಳಗೆ ಒಂದು ಉದ್ದನೆಯ ಸೀಳು. ಸೀಳಿನೊಳಗೆ ಕಂದು ಬಣ್ಣದ ತೆಳು ತಟ್ಟೆ ಮಿಂಚುತ್ತಿತ್ತು.

“ಬರೆದಿದ್ದೆಲ್ಲ ಈ ತಟ್ಟೆ ಮೇಲಿರತ್ತೆ. ಇದನ್ನ ಮುಟ್ಟಬಾರದು. ಧೂಳು ಬೀಳಬಾರದು, ನೀರು ತಾಕಬಾರದು, ಬಿಸಿಲು ಕಾಣಬಾರದು, ಮಡಚಬಾರದು.”

“ಇಷ್ಟು ಮಡಿ ನಮ್ಮತ್ತೇನೂ ಮಾಡ್ಲಿಲ್ಲ ಬಿಡು” ಎಂದಳು ಅಜ್ಜಿ. “ದೇವರ ಗೂಡಲ್ಲಿಡು.”

“ದೀಪದ ಎಣ್ಣೆ ಬೀಳತ್ತಮ್ಮಾ.”

“ರಾಗಿ ತುಂಬೋ ವಾಡೆ ಒಳಗಿಡು.”

“ಧೂಳಮ್ಮಾ!”

“ಹಂಗಾದ್ರೆ ನಿನ್ನ ತಲೆ ಮೇಲಿಟ್ಕೊಂಡು ಓಡಾಡು. ಮುದ್ದೆ ಆರ್ತಾ ಇದೆ, ತಿನ್ನು.”

ಕೊನೆಗೆ ಎರಡು ಫ್ಲಾಪಿ ಎಂದಾಯಿತು. ಒಂದು ಇನ್‌ಸ್ಟಿಟ್ಯೂಟಿನ ಡ್ರಾಯರಿನಲ್ಲಿ, ಇನ್ನೊಂದು ಮನೆಯಲ್ಲಿ, ಅಜ್ಜಿಯ ರೇಷ್ಮೆ ಸೀರೆಯ ಟ್ರಂಕಿನಲ್ಲಿ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಢಣ್ ಎಂದು ಸದ್ದಾಯಿತು. ಬೆಕ್ಕು ಮೊಸರಿನ ಮಡಕೆಯನ್ನು ಉರುಳಿಸಿ, ನೆಲವನ್ನು ನೆಕ್ಕಿ, ಮೀಸೆ ಒರೆಸಿಕೊಳ್ಳುತ್ತಾ ಕಿಟಕಿಯಲ್ಲಿ ಕೂತಿತ್ತು. ಹೆಪ್ಪು ಹಾಕಲು ಒಂದು ತೊಟ್ಟೂ ಉಳಿದಿರಲಿಲ್ಲ.

ಅಜ್ಜಿ ಬೆಕ್ಕಿಗೆ ಬೈಯಲಿಲ್ಲ. ಬಟ್ಟಲು ತೆಗೆದು ಮುತ್ಯಾಲಿಯ ಕೈಗಿಟ್ಟಳು. “ಬಾನು ಮನೆಗೆ ಹೋಗಿ ನಮ್ಮ ಹೆಪ್ಪು ಒಂದು ಚಮಚ ಇಸ್ಕೊಂಡು ಬಾ.”

“ಅದು ಅವರ ಹೆಪ್ಪಲ್ವಾ ಅಜ್ಜಿ?”

“ಅವರದೆಲ್ಲಿ? ಶಹರ್ ಬಾನು ಮದುವೆಯಾಗಿ ಬಂದ ವರ್ಷ ನಾನೇ ಕೊಟ್ಟಿದ್ದು. ಆವತ್ತಿಂದ ಅದು ಅಲ್ಲೂ ಇದೆ, ಇಲ್ಲೂ ಇದೆ. ಇಲ್ಲಿ ಕೆಟ್ರೆ ಅಲ್ಲಿಂದ, ಅಲ್ಲಿ ಕೆಟ್ರೆ ಇಲ್ಲಿಂದ. ನಲವತ್ತು ವರ್ಷದಿಂದ ಎಷ್ಟು ಬೆಕ್ಕು ಬಂದ್ವು, ಎಷ್ಟು ಹೋದ್ವು.”

ಶಹರ್ ಬಾನು ಶಕೀಲಾಳ ಅಜ್ಜಿ. ಮುತ್ಯಾಲಿಗೆ ಅವಳು ಬಾನಜ್ಜಿ. ಬಾನಜ್ಜಿ ಕೊಟ್ಟ ಮೊಸರು ಗಟ್ಟಿಯಾಗಿ, ತಣ್ಣಗೆ ಇತ್ತು. ಬೀದಿ ದಾಟುವಾಗ ಮುತ್ಯಾಲಿ ಬೆರಳದ್ದಿ ನೆಕ್ಕಿದಳು. ಮನೆಯ ಹೊಸಿಲು ತಲುಪುವಾಗ ಬಟ್ಟಲಲ್ಲಿ ಅರ್ಧವೇ ಉಳಿದಿತ್ತು.

“ಹೆಪ್ಪು ತಿಂತಾರೇನೇ?” ಎಂದು ಅಜ್ಜಿ ಬಟ್ಟಲು ಕಿತ್ತುಕೊಂಡಳು. “ಇರೋದೇ ಇಷ್ಟು. ಮೊದ್ಲು ಹಾಲಿಗೆ ಬೀಳ್ಬೇಕು. ನಾಳೆ ಮಡಕೆ ತುಂಬ ಆಗತ್ತಲ್ಲ, ಆಗ ತಿನ್ನು, ಯಾರು ಬೇಡ ಅಂತಾರೆ?”

ಮುತ್ಯಾಲಿ ತುಟಿ ಒರೆಸಿಕೊಂಡು ನಿಂತಳು. ಅವಳ ಕಣ್ಣು ಎದುರು ಮನೆಯ ಮೇಲೆ ಬಿತ್ತು. ಮತ್ತೆ ಟ್ರಂಕಿನ ಮೇಲೆ ಬಿತ್ತು. ಆಮೇಲೆ ಅವಳು ಹಿಂದಿನ ಬಾಗಿಲಿಂದ ಇನ್‌ಸ್ಟಿಟ್ಯೂಟಿಗೆ ಓಡಿದಳು.

“ಮಾವ! ಮೂರನೇ ಫ್ಲಾಪಿ ಮಾಡೋಣ. ಅದನ್ನ ಶಕೀಲಾ ಮನೇಲಿಡೋಣ. ನಮ್ಮನೇಲಿ ಮಳೆ ಸೋರಿದ್ರೆ? ಬೆಂಕಿ ಬಿದ್ರೆ? ಬೆಕ್ಕು ಬಂದ್ರೆ?”

“ಬೆಕ್ಕು ಫ್ಲಾಪಿ ತಿನ್ನಲ್ಲ ಕಣೇ” ಎಂದ ಮಾವ. ಆದರೆ ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು, “ಭೇಷ್” ಎಂದ.

ಮೂರನೇ ಫ್ಲಾಪಿಯನ್ನು ಶಕೀಲಾಳ ಕೈಗೆ ಕೊಡುವಾಗ ಅವನು ಕನ್ನಡಕ ಸರಿಮಾಡಿಕೊಂಡು ಮೇಷ್ಟ್ರ ಧ್ವನಿ ತೆಗೆದ. “ನೋಡಮ್ಮಾ, ಪ್ರತಿ ಶನಿವಾರ ನೀನೇ ತರ್ಬೇಕು. ಹೊಸದಾಗಿ ಮಾಡಿದ್ದನ್ನ ಇದಕ್ಕೂ ತುಂಬಿಸಿ ಕೊಡ್ತೀನಿ. ನೀನೇ ತಗೊಂಡು ಹೋಗ್ಬೇಕು. ಮಿಕ್ಕ ದಿನ ಯಾರು ಕೇಳಿದ್ರೂ ಕೊಡ್ಬೇಡ.”

“ಯಾರು ಕೇಳಿದ್ರೂ?”

“ಯಾರು ಕೇಳಿದ್ರೂ.”

ಬಾನಜ್ಜಿ ಅದನ್ನು ಬಿಸ್ಕತ್ತಿನ ಖಾಲಿ ಡಬ್ಬದಲ್ಲಿಟ್ಟು, ಡಬ್ಬವನ್ನು ಬಟ್ಟೆಯಲ್ಲಿ ಕಟ್ಟಿ, ಎತ್ತರದ ಗೂಡಿನಲ್ಲಿ ಇರಿಸಿದಳು. “ಅಮಾನತ್ ಕಣಮ್ಮಾ ಇದು. ನಂಬಿ ಕೊಟ್ಟಿರೋ ವಸ್ತು. ಕೋಳಿ ಕೂಡ ಆ ಕಡೆ ನೋಡ್ಬಾರ್ದು” ಎಂದಳು.

ಶನಿವಾರಗಳು ಒಂದೊಂದಾಗಿ ಕಳೆದವು. ಪ್ರೋಗ್ರಾಂ ಬೆಳೆಯುತ್ತಾ ಹೋಯಿತು. ರಜೆ ಶುರುವಾಗುವ ಹೊತ್ತಿಗೆ ಅದು ಇನ್ನೂರ ಹನ್ನೆರಡು ಲೈನಾಗಿತ್ತು. ಕಂಪ್ಯೂಟರ್ ಮಲಗೋಬಾವನ್ನೂ ಬಾದಾಮಿಯನ್ನೂ ಒಂದು ಸಲವೂ ಅದಲುಬದಲು ಮಾಡುತ್ತಿರಲಿಲ್ಲ.

ಗುರುವಾರ ಆಯುಧ ಪೂಜೆ ಬಂತು.

ವರ್ಷವಿಡೀ ನಮಗಾಗಿ ದುಡಿಯುವ ವಸ್ತುಗಳಿಗೆ ಆ ಒಂದು ದಿನ ರಜ. ಅವು ದೇವರ ಮುಂದೆ ಕೂತು, ಹೂ ಮುಡಿದು, ಸುಮ್ಮನೆ ಇರುತ್ತವೆ. ಅಜ್ಜಿಗೆ ಅದು ಬಹಳ ಇಷ್ಟದ ದಿನ. “ಒಂದನ್ನೂ ಬಿಡಬಾರದು. ಸೂಜಿ ಕೂಡ ಕಾಯ್ತಾ ಇರತ್ತೆ” ಎನ್ನುತ್ತಿದ್ದಳು.

ಹನ್ನೊಂದು ಟೈಪ್‌ರೈಟರುಗಳನ್ನು ಎಣ್ಣೆ ಹಾಕಿ ಒರೆಸಿ ಸಾಲಾಗಿ ಇಟ್ಟರು. ಮಾವನ ಸೈಕಲ್ ಒಳಗೆ ಬಂತು. ಈಳಿಗೆಮಣೆ, ಕುಡುಗೋಲು, ಕತ್ತರಿ, ಸ್ಟೇಪ್ಲರ್, ಮುತ್ಯಾಲಿಯ ಕಂಪಾಸ್ ಬಾಕ್ಸು, ಎಲ್ಲಾ ಬಂದವು. ನಡುವೆ ಬಾಳೆಕಂದಿನ ನೆರಳಿನಲ್ಲಿ ಕಂಪ್ಯೂಟರ್ ಮದುಮಗನಂತೆ ಕೂತಿತ್ತು.

ಮುತ್ಯಾಲಿ ಡ್ರಾಯರಿನಿಂದ ಒಂದನೇ ಫ್ಲಾಪಿ ತಂದಿಟ್ಟಳು. ಆಗ ಅವಳಿಗೆ ಎರಡನೆಯದರ ನೆನಪಾಯಿತು. ಪಾಪ, ಅದು ಟ್ರಂಕಿನ ಕತ್ತಲಲ್ಲಿ ಒಂದೇ ಕೂತಿದೆ. ಅದೂ ದುಡಿದಿಲ್ಲವೇ? ಅದನ್ನೂ ತಂದಿಟ್ಟಳು. ಎರಡಕ್ಕೆ ಪೂಜೆ ಆಗಿ ಮೂರನೆಯದಕ್ಕೆ ಆಗದಿದ್ದರೆ?

ಅವಳು ಎದುರು ಮನೆಗೆ ಓಡಿದಳು. “ಶಕೀಲಾ, ಫ್ಲಾಪಿ ಕೊಡೇ. ಪೂಜೆಗೆ.”

ಶಕೀಲಾ ಹೊಸಿಲ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದಳು. “ಇವತ್ತು ಗುರುವಾರ” ಎಂದಳು.

“ಪೂಜೆಗೇ ಕಣೇ. ಸಾಯಂಕಾಲ ತಂದ್ಕೊಡ್ತೀನಿ.”

“ಮಾವ ಏನಂದಿದ್ರು? ಯಾರು ಕೇಳಿದ್ರೂ ಕೊಡ್ಬೇಡ ಅಂದಿಲ್ವಾ?”

“ನಾನು ‘ಯಾರೋ’ನಾ? ಅದು ನಂದು!”

“ಅರ್ಧ ನಂದೂ. ತಾತ ಹೇಳಿದ್ದನ್ನ ಬರ್ಕೊಂಡಿದ್ದು ಯಾರು?”

ಮುತ್ಯಾಲಿ ಒಳಗೆ ನೋಡಿದಳು. “ಬಾನಜ್ಜೀ, ನೀವಾದ್ರೂ ಹೇಳಿ.”

“ನಕ್ಕೋ ಬೇಟಿ, ನನ್ನ ಕೇಳ್ಬೇಡ” ಎಂದು ಬಾನಜ್ಜಿ ಒಲೆಯ ಮುಂದಿನಿಂದಲೇ ಕೈ ಆಡಿಸಿದಳು. “ಅವಳ ಕೈಗೆ ಕೊಟ್ಟಿರೋದು. ಅವಳ ಮಾತೇ ಮಾತು.”

ಮುತ್ಯಾಲಿಯ ಕಣ್ಣಲ್ಲಿ ನೀರು ಬಂತು. ಶಕೀಲಾ ತಲೆ ಬಗ್ಗಿಸಿ ಇನ್ನೊಂದು ಕಾಳು ಹಿಸುಕಿದಳು. ಅದು ಪುಳಕ್ಕನೆ ಹಾರಿ ಮುತ್ಯಾಲಿಯ ಕಾಲ ಮೇಲೆ ಬಿತ್ತು.

“ಪೂಜೆ ಇಲ್ದಿರೋ ಫ್ಲಾಪಿ ನಿಂಗೇ ಇರ್ಲಿ! ಠೂ! ನಿನ್ ಜೊತೆ ಮಾತಿಲ್ಲ!” ಎಂದು ಕೂಗಿ ಮುತ್ಯಾಲಿ ಬಂದುಬಿಟ್ಟಳು.

ಪೂಜೆ ಚೆನ್ನಾಗಿಯೇ ನಡೆಯಿತು. ಅಜ್ಜಿ ಫ್ಲಾಪಿಗಳ ಲಕೋಟೆ ತೆಗೆದು ಪಕ್ಕಕ್ಕಿಟ್ಟಳು. “ದೇವರ ಮುಂದೆ ಮುಸುಕು ಹಾಕ್ಕೊಂಡು ಕೂರ್ತಾರಾ?” ಎಂದಳು. ಎಲ್ಲವಕ್ಕೂ ಅರಿಶಿನ ಕುಂಕುಮ ಇಡುತ್ತಾ ಬಂದಳು. ಟೈಪ್‌ರೈಟರಿಗೆ ಹಣೆ ಎಲ್ಲಿ ಎಂದು ಅವಳಿಗೆ ಗೊತ್ತಿತ್ತು. ಫ್ಲಾಪಿಯ ಹಣೆ ಎಲ್ಲಿ? ಕಪ್ಪು ಮುಖದಲ್ಲಿ ಸೀಳೊಂದೇ ನೀಟಾಗಿ ಕಂಡಿತು. ಒದ್ದೆ ಕುಂಕುಮವನ್ನು ಬೆರಳ ತುಂಬ ತೆಗೆದು ಅಲ್ಲಿಗೇ ಇಟ್ಟಳು. ಎರಡಕ್ಕೂ ಇಟ್ಟಳು. ಕಂಪ್ಯೂಟರಿನಲ್ಲಿ ಫ್ಲಾಪಿ ತೂರಿಸುವ ಬಾಯಿಗೂ ಇಟ್ಟು, ಮೇಲೆ ಅಕ್ಷತೆ ಹಾಕಿದಳು.

ಮುತ್ಯಾಲಿ ನೋಡಿದಳು. ಮಾವ ಹೇಳಿದ್ದ ಮಡಿಯೆಲ್ಲ ನೆನಪಾಯಿತು. ಬಾಯಿ ತೆರೆದಳು. ಆದರೆ ಅಜ್ಜಿಯ ಮುಖ ಅಷ್ಟು ಶಾಂತವಾಗಿತ್ತು, ದೀಪ ಅಷ್ಟು ಚೆನ್ನಾಗಿ ಉರಿಯುತ್ತಿತ್ತು. ದೇವರ ಕುಂಕುಮ ತಾನೇ, ಏನಾಗುತ್ತೆ ಎಂದುಕೊಂಡು ಬಾಯಿ ಮುಚ್ಚಿದಳು.

ಮಾವ ಕಣ್ಣು ಮುಚ್ಚಿ ಗಂಟೆ ಬಾರಿಸುತ್ತಿದ್ದ. ಅವನು ಏನನ್ನೂ ನೋಡಲಿಲ್ಲ.

ಮರುದಿನ ವಿಜಯದಶಮಿ. ವಸ್ತುಗಳು ಮತ್ತೆ ಕೆಲಸಕ್ಕೆ ಇಳಿಯುವ ದಿನ. ಮಾವ ಸ್ನಾನ ಮಾಡಿ ಬಂದು ಒಂದನೇ ಫ್ಲಾಪಿ ತೂರಿಸಿದ. ಕಂಪ್ಯೂಟರ್ ಕರ್ ಕರ್ ಕರ್ ಎಂದಿತು. ರಾಗಿ ಕಲ್ಲಿನಲ್ಲಿ ಮರಳು ಬೀಸಿದಂತೆ. ಓದಲಾಗುತ್ತಿಲ್ಲ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು.

ಎರಡನೆಯದನ್ನು ತೂರಿಸಿದ. ಅದೇ ಕರ್ ಕರ್. ಅದೇ ಇಂಗ್ಲಿಷು.

ಹೊರಗೆ ತೆಗೆದು ನೋಡಿದ. ಕಂದು ತಟ್ಟೆಯ ಮೇಲೆ ಕೆಂಪು ಗೀಟುಗಳು ಸುತ್ತಿಕೊಂಡಿದ್ದವು.

“ಅಮ್ಮಾ! ಏನ್ ಮಾಡಿದೆ?”

“ದೇವರ ಕುಂಕುಮ ಇಟ್ಟೆ. ಯಾಕೆ?”

“ಇದರ ಬಾಯಿಗೇ ಇಟ್ಟಿದ್ದೀಯಲ್ಲಮ್ಮಾ!”

ಅಜ್ಜಿ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. “ಸೀಗೆಕಾಯಿ ಹಾಕಿ ತೊಳೆದ್ರೆ ಹೋಗಲ್ವಾ?”

ಮಾವ ಸ್ಟೂಲಿನ ಮೇಲೆ ಕುಸಿದು ಕೂತ. “ಸರಿಪೋಯಿಂದಿ!” ಎಂದಳು ಅಜ್ಜಿ. ಅಜ್ಜಿಗೆ ತುಂಬ ಬೇಜಾರಾದಾಗ ತೆಲುಗು ಬರುತ್ತಿತ್ತು. ದೇವರ ಗೂಡಿನ ಕಡೆ ತಿರುಗಿ ಗಲ್ಲ ಗಲ್ಲ ಬಡಿದುಕೊಂಡಳು. “ತಪ್ಪಾಯ್ತು ತಾಯೀ. ಹಣೆ ಯಾವುದು, ಬಾಯಿ ಯಾವುದು ಅಂತ ಈ ಮುದುಕಿಗೆ ತಿಳೀಲಿಲ್ಲ.”

“ಅಜ್ಜಿದಲ್ಲ ಮಾವ” ಎಂದಳು ಮುತ್ಯಾಲಿ. ಅವಳ ಧ್ವನಿ ಸಣ್ಣದಾಗಿತ್ತು. “ಎರಡನ್ನೂ ಒಂದೇ ಕಡೆ ತಂದಿಟ್ಟಿದ್ದು ನಾನು. ಕುಂಕುಮ ಇಡೋವಾಗ ನೋಡಿದ್ದೂ ನಾನು. ಹೇಳ್ಲಿಲ್ಲ.”

ವಸ್ತುಪ್ರದರ್ಶನ ಸೋಮವಾರ. ನೋಟ್‌ಬುಕ್ಕಿನಲ್ಲಿ ಹಣ್ಣುಗಳ ಗುಣವಿತ್ತು. ಆದರೆ ಪ್ರೋಗ್ರಾಂ ಇರಲಿಲ್ಲ. ಇನ್ನೂರ ಹನ್ನೆರಡು ಲೈನನ್ನು ಮತ್ತೆ ಕಟ್ಟಲು ಮೂರು ದಿನ ಎಲ್ಲಿ ಸಾಕು? ಮತ್ತೆ ‘ಜ್ವಾಲಾ’, ಮತ್ತೆ ‘ಮುಖಿ’.

“ಮೂರನೇದೂ ತಂದಿದ್ಯಾ?” ಎಂದು ಮಾವ ಮೆಲ್ಲಗೆ ಕೇಳಿದ.

“ಕೇಳ್ದೆ. ಶಕೀಲಾ ಕೊಡ್ಲಿಲ್ಲ.”

ಮಾವ ಸ್ಟೂಲಿನಿಂದ ಎದ್ದವನು ಚಪ್ಪಲಿ ಕೂಡ ಹಾಕಿಕೊಳ್ಳದೆ ಬೀದಿಗೆ ನಡೆದ. ಹಿಂದೆ ಮುತ್ಯಾಲಿ. ಅವಳ ಹಿಂದೆ ಸೆರಗು ಸರಿಮಾಡಿಕೊಳ್ಳುತ್ತಾ ಅಜ್ಜಿ.

ಶಕೀಲಾ ಬಾಗಿಲಲ್ಲೇ ನಿಂತಿದ್ದಳು. ಮುತ್ಯಾಲಿಯನ್ನು ನೋಡಿ ಮುಖ ಆಚೆ ತಿರುಗಿಸಿದಳು.

“ಫ್ಲಾಪಿ ಕೊಡಮ್ಮಾ ಶಕೀಲಾ” ಎಂದ ಮಾವ.

“ಇವತ್ತು ಶುಕ್ರವಾರ ಮಾವ.”

“ನಾನೇ ಕೇಳ್ತಾ ಇದೀನಲ್ಲ!”

“ಯಾರು ಕೇಳಿದ್ರೂ ಅಂದಿದ್ರಿ. ನೀವು ಕೇಳಿದ್ರೆ ಕೊಡು ಅಂತ ಹೇಳಿರ್ಲಿಲ್ಲ.”

ಒಳಗಿನಿಂದ ಬಾನಜ್ಜಿಯ ನಗು ಕೇಳಿಸಿತು. “ಸಿಕ್ಕಾಕೊಂಡ್ರಾ ಮಾಸ್ಟರ್? ಲಕ್ಷ್ಮಕ್ಕಾ, ಬನ್ನಿ ಕೂತ್ಕೊಳ್ಳಿ. ಏನಾಯ್ತು?”

ಅ‌ಜ್ಜಿ ಎಲ್ಲವನ್ನೂ ಹೇಳಿದಳು. ತನ್ನ ಬೆರಳು ಮಾಡಿದ ತಪ್ಪನ್ನೂ ಬಿಡದೆ ಹೇಳಿದಳು. ಶಕೀಲಾಳ ಮುಖ ಬಿಳಿಚಿತು. ಅವಳು ಮಾವನ ಕಡೆಗೆ ತಿರುಗಿ, “ಮಾವ, ಅವಳಿಗೆ ಹೇಳಿ, ನಾನು ಕೊಡಲ್ಲ. ಆದ್ರೆ ನಾನೇ ತಗೊಂಡು ಬರ್ತೀನಿ. ಮೊದ್ಲು ಎಲ್ಲರೂ ಕೈ ತೊಳ್ಕೊಳ್ಳಿ” ಎಂದಳು.

ಎಲ್ಲರೂ ಕೈ ತೊಳೆದುಕೊಂಡರು. ಅಜ್ಜಿ ಎರಡು ಸಲ ತೊಳೆದುಕೊಂಡಳು.

ಶಕೀಲಾ ಡಬ್ಬವನ್ನು ಎದೆಗೆ ಒತ್ತಿಕೊಂಡು ಬೀದಿ ದಾಟಿದಳು. ಇನ್‌ಸ್ಟಿಟ್ಯೂಟಿನಲ್ಲಿ ಗಂಟು ಬಿಚ್ಚಿ, ಮುಚ್ಚಳ ತೆಗೆದು, ಲಕೋಟೆಯಿಂದ ಫ್ಲಾಪಿಯನ್ನು ಅಂಚು ಹಿಡಿದು ಎತ್ತಿದಳು. ಅದರ ಸೀಳು ಕೆರೆಯ ನೀರಿನಂತೆ ಶುಭ್ರವಾಗಿತ್ತು. ಮಾವ ಆತುರದಿಂದ ಅದನ್ನು ತೆಗೆದುಕೊಂಡು ಕಂಪ್ಯೂಟರಿನ ಬಾಯಿಗೆ ಹಿಡಿದ.

“ನಿಲ್ಸು ಮಾವ!” ಎಂದು ಮುತ್ಯಾಲಿ ಕಿರುಚಿದಳು. “ಅದರ ಬಾಯಲ್ಲಿ ಇನ್ನೂ ಕುಂಕುಮ ಇದೆ!”

ಮಾವನ ಕೈ ಅಲ್ಲೇ ನಿಂತಿತು. ಬೆವರು ಅವನ ಮೂಗಿನ ತುದಿಗೆ ಬಂದಿತ್ತು.

ಟೈಪ್‌ರೈಟರಿನ ಅಕ್ಷರಗಳನ್ನು ಒರೆಸುವ ಸ್ಪಿರಿಟ್ಟು, ಹತ್ತಿ, ಟಾರ್ಚು ಬಂದವು. ಮಾವ ಕಂಪ್ಯೂಟರಿನ ಮೇಲಿನ ಮುಚ್ಚಳ ಬಿಚ್ಚಿ ಒಂದು ಗಂಟೆ ಒರೆಸಿದ. ಹತ್ತಿ ಮೊದಲು ಕೆಂಪಾಯಿತು, ಆಮೇಲೆ ಗುಲಾಬಿಯಾಯಿತು, ಕೊನೆಗೆ ಬೆಳ್ಳಗೆ ಬಂತು. ಮೂಲೆಯಿಂದ ಒಂದು ಅಕ್ಕಿ ಕಾಳೂ ಬಂತು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿದಳು.

ಹೊಸ ಫ್ಲಾಪಿಗಳ ಪೊಟ್ಟಣವೊಂದು ಪೂಜೆಯಲ್ಲಿತ್ತು. ಪ್ಲಾಸ್ಟಿಕ್ ಹಾಳೆ ಬಿಚ್ಚಿರಲಿಲ್ಲವಾದ್ದರಿಂದ ಅದರ ಕುಂಕುಮ ಹೊರಗೇ ಉಳಿದಿತ್ತು. ಅದರಿಂದ ಒಂದನ್ನು ತೆಗೆದು ಮೊದಲು ತೂರಿಸಿ ನೋಡಿದರು. ಕರ್ ಕರ್ ಇಲ್ಲ. ಒಂದು ಸಣ್ಣ ಲೆಕ್ಕ ಬರೆದು, ಸೇವ್ ಮಾಡಿ, ಮತ್ತೆ ಕರೆದರು. ಬಂತು.

ಆಗ ಮೂರನೇ ಫ್ಲಾಪಿ ಒಳಗೆ ಹೋಯಿತು. ಟಿಕ್ ಟಿಕ್ ಎಂದು ದೀಪ ಮಿನುಗಿತು. ಪರದೆಯ ಮೇಲೆ ಲೈನುಗಳು ಮಳೆಯ ಹಾಗೆ ಇಳಿದವು.

“ಬಂತು!” ಎಂದು ಶಕೀಲಾ ಹಾರಿದಳು. ಠೂ ಬಿಟ್ಟದ್ದು ಮರೆತೇ ಹೋಯಿತು. “ಮುತ್ಯಾಲೀ, ಓಡಿಸೇ ಓಡಿಸೇ! ನಾನು ಒಂದು ಹಣ್ಣು ಅಂದ್ಕೊಂಡಿದೀನಿ!”

ಮುತ್ಯಾಲಿಯ ಬೆರಳು ಕೀಲಿಯ ಹತ್ತಿರ ಹೋಗಿತ್ತು. ಅಲ್ಲೇ ನಿಂತಿತು. ಅವಳು ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

“ಆಟ ಆಮೇಲೆ. ಮೊದ್ಲು ಹಾಲಿಗೆ ಬೀಳ್ಲಿ” ಎಂದಳು.

“ಹಾಲಾ?” ಎಂದ ಮಾವ.

ಅಜ್ಜಿ ಮಾತ್ರ ಏನೂ ಕೇಳಲಿಲ್ಲ. ಮೊಮ್ಮಗಳ ಮುಖವನ್ನೇ ನೋಡುತ್ತಾ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮೂರನೆಯದನ್ನು ಹೊರಗೆ ತೆಗೆದು ಒಂದು ಹೊಸ ಫ್ಲಾಪಿಗೆ ಸೇವ್ ಮಾಡಿದರು. ಇನ್ನೊಂದಕ್ಕೂ ಮಾಡಿದರು. ಎರಡನ್ನೂ ಓದಿಸಿ ನೋಡಿದರು. ಮೂರನೆಯದು ಡಬ್ಬದೊಳಗೆ ಹೋಗಿ ಗಂಟು ಬಿದ್ದ ಮೇಲೆಯೇ ಆಟ ಶುರುವಾಯಿತು.

ಮೊದಲ ಆಟ ಅಜ್ಜಿಯದು. ನಾರಿದೆಯಾ? ಸಿಪ್ಪೆ ತೆಳ್ಳಗಿದೆಯಾ? ಹಿಂಡಿ ಕುಡಿಯುವ ಹಾಗೆ ರಸ ಇದೆಯಾ? ಅಜ್ಜಿ ಹೇಳಿದಂತೆ ಮುತ್ಯಾಲಿ ಒತ್ತುತ್ತಾ ಹೋದಳು. ಪರದೆಯ ಮೇಲೆ ರಸಪುರಿ ಎಂದು ಬಂತು.

“ಅಯ್ಯೋ ದೇವುಡಾ!” ಎಂದು ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು. “ನನ್ನ ಮನಸ್ಸಲ್ಲಿದ್ದಿದ್ದು ಇದಕ್ಕೆ ಹೆಂಗೆ ತಿಳೀತು?” ಆಮೇಲೆ ಮೆತ್ತಗೆ ಕಂಪ್ಯೂಟರಿನ ನೆತ್ತಿ ಸವರಿದಳು. ಕೈ ಒಣಗಿದೆಯೇ ಎಂದು ನೋಡಿಕೊಂಡೇ ಸವರಿದಳು.

ಸಂಜೆ ಶಕೀಲಾಳನ್ನು ಕಳಿಸಲು ಮುತ್ಯಾಲಿ ಅವರ ಹೊಸಿಲವರೆಗೂ ಹೋದಳು. ಶಕೀಲಾ ಕುರ್ಚಿ ಹತ್ತಿ ಡಬ್ಬವನ್ನು ಗೂಡಿನಲ್ಲಿ ಇಟ್ಟು, ಇಳಿದು ಬಂದು ಕೇಳಿದಳು.

“ಮಾವ ಹೇಳಿದ ಮಾತು ಹಂಗೇ ಅಲ್ವಾ? ಶನಿವಾರ ಬಿಟ್ರೆ ಕೊಡಂಗಿಲ್ಲ.”

“ಹಂಗೇ.”

“ನೀನು ಕೇಳಿದ್ರೆ?”

“ಕೊಡ್ಬೇಡ.”

“ಅತ್ರೆ?”

ಮುತ್ಯಾಲಿ ಒಂದು ಗಳಿಗೆ ಗೂಡನ್ನೇ ನೋಡಿದಳು. “ನಾನು ಅತ್ರಂತೂ ಕೊಡ್ಲೇಬೇಡ” ಎಂದಳು.

ಒಳಗಿನಿಂದ ಬಾನಜ್ಜಿ ಕೂಗಿದಳು. “ಮುತ್ಯಾಲೀ, ಲಕ್ಷ್ಮಕ್ಕನಿಗೆ ಹೇಳಮ್ಮಾ. ನಮ್ಮ ಮೊಸರು ಹುಳಿಯಾಗ್ಬಿಟ್ಟಿದೆ. ಒಂದು ಚಮಚ ಹೆಪ್ಪು ಬೇಕಂತೆ ಅಂತ.”

ಮುತ್ಯಾಲಿ ಮನೆಗೆ ಹೋಗಿ ಬಟ್ಟಲು ತಂದಳು. ಎರಡೂ ಕೈಯಲ್ಲಿ ಹಿಡಿದು, ಬೆರಳು ಅದ್ದದೆ, ನಿಧಾನವಾಗಿ ಬೀದಿ ದಾಟಿದಳು. ಬೆಕ್ಕು ಬಾಲ ಎತ್ತಿಕೊಂಡು ಅವಳ ಹಿಂದೆಯೇ ಬರುತ್ತಿತ್ತು.

ಬರಲಿ ಎಂದುಕೊಂಡಳು ಮುತ್ಯಾಲಿ.